ಬ್ರೇಕ್ ಮೇಷ್ಟ್ರು ಲಿನಕ್ಸ್ ಹಾಕಿದ್ದು

“ಈ ಕಂಪ್ಯೂಟರನ್ನ ನಾನೇ, ನನ್ನ ಕೈಯಾರೆ ಸರಿ ಮಾಡ್ತೀನಿ! ಆಗಲಿಲ್ಲ ಅನ್ನು, ಕಾರಿನ ಕೀ ನಿನ್ನ ಕೈಗೆ!”

ಶನಿವಾರ ಬೆಳಿಗ್ಗೆ ಬ್ರೇಕ್ ಮೇಷ್ಟ್ರು ಖಾಲಿ ತಟ್ಟೆಯ ಮುಂದೆ ಕೂತು ಮಾಡಿದ ಘೋಷಣೆ ಇದು. ಸಾಮಾನ್ಯವಾಗಿ ಗಂಡಸರ ಘೋಷಣೆಗಳು ಹೊಟ್ಟೆ ತುಂಬಿದ ಮೇಲೆ ಹೊರಡುತ್ತವೆ. ಇದು ತಿಂಡಿಗೆ ಮೊದಲೇ ಹೊರಟಿದ್ದರಿಂದ ಇದಕ್ಕೆ ತೂಕ ಜಾಸ್ತಿ ಎಂದು ತಿಳಿಯಬೇಕು. ಬಡಿಸುತ್ತಿದ್ದ ಹೆಂಡತಿಯ ಕೈ ಅಲ್ಲೇ ನಿಂತಿತು.

“ಯಾವ ಕಾರಿನ ಕೀ?”

“ಇನ್ನೆಷ್ಟು ಕಾರಿದೆ ನಮಗೆ? ಅದೇ!”

“ಅಂದ್ರೆ ನಾನು ಓಡಿಸ್ಬಹುದು?”

“ಓಡಿಸ್ಬಹುದು.”

“ಪಕ್ಕದಲ್ಲಿ ಕೂತು ನೀವು ಬ್ರೇಕ್ ಒತ್ತಲ್ಲ?”

ಮೇಷ್ಟ್ರು ಕೊಂಚ ತಡವರಿಸಿದರು. “ಒತ್ತಲ್ಲ. ಆದ್ರೆ ಆ ಪ್ರಶ್ನೆ ಏಳೋದೇ ಇಲ್ಲ ಬಿಡು. ಕಂಪ್ಯೂಟರ್ ಹೇಗೂ ಸರಿಹೋಗುತ್ತೆ.”

ಮೇಷ್ಟ್ರದು ಡ್ರೈವಿಂಗ್ ಸ್ಕೂಲು. ಮನೆಯ ಮುಂದಿನ ಕೋಣೆಯೇ ಆಫೀಸು, ಬಾಗಿಲಲ್ಲಿ ನಿಂತ ಬಿಳಿ ಕಾರೇ ತರಗತಿ. ಆ ಕಾರಿನಲ್ಲಿ ಎರಡು ಬ್ರೇಕುಗಳು. ಕಲಿಯುವವರ ಕಾಲಡಿ ಒಂದು, ಪಕ್ಕದ ಸೀಟಿನಲ್ಲಿ ಮೇಷ್ಟ್ರ ಕಾಲಡಿ ಇನ್ನೊಂದು. ಮೊದಲನೆಯದು ಅಂಗಡಿಯಿಂದ ನಿನ್ನೆ ತಂದ ಹಾಗೆ ಹೊಸದಾಗಿತ್ತು. ಎರಡನೆಯದರ ರಬ್ಬರು ಸವೆದು ಒಳಗಿನ ಕಬ್ಬಿಣ ಇಣುಕುತ್ತಿತ್ತು! ದೂರದ ತಿರುವಿನಲ್ಲಿ ನಾಯಿಯ ಬಾಲ ಅಲುಗಿದರೆ ಸಾಕು, ಕಲಿಯುವವರು ನಾಯಿಯನ್ನು ನೋಡುವ ಮೊದಲೇ ಕಾರು ನಿಂತಿರುತ್ತಿತ್ತು. ಈ ಅಭ್ಯಾಸ ಕಾರಿನಿಂದ ಇಳಿದು ಮನೆಯೊಳಕ್ಕೂ ಬಂದಿತ್ತು. ಹಾಲು ಉಕ್ಕೀತೆಂದು ಮೇಷ್ಟ್ರು ಮುಂಚೆಯೇ ಒಲೆ ಆರಿಸಿಬಿಡುತ್ತಿದ್ದರಿಂದ ಆ ಮನೆಯಲ್ಲಿ ಹಾಲು ನೆಟ್ಟಗೆ ಕುದಿದದ್ದೇ ಅಪರೂಪ. ಇನ್ನು ಎದುರಿಗಿದ್ದವರ ಮಾತು ಪೂರ್ತಿಯಾದದ್ದಂತೂ ಇಲ್ಲವೇ ಇಲ್ಲ. ಬೀದಿಯವರು ಅವರಿಗೆ ಇಟ್ಟ ಹೆಸರು ಸುಮ್ಮನೆ ಬಂದದ್ದಲ್ಲ.

ಕಲಿಯಲು ಬರುವವರು ಅವರ ಹೆಂಡತಿಯನ್ನು ಮೇಡಂ ಎಂದು ಕರೆದು ಕರೆದು ಈಗ ಅವರು ಬೀದಿಗೆಲ್ಲ ಮೇಡಂ. ರಸ್ತೆಯ ನಿಯಮ, ಫಲಕ, ಸಿಗ್ನಲ್ಲು, ಈ ಪಾಠವೆಲ್ಲ ಮುಂದಿನ ಕೋಣೆಯಲ್ಲಿ ಅವರೇ ಹೇಳಿಕೊಡುತ್ತಾರೆ. ಅವರಿಗೂ ಲೈಸೆನ್ಸ್ ಇದೆ. ಮದುವೆಯಾದ ಹೊಸದರಲ್ಲಿ ಮೇಷ್ಟ್ರೇ ಕಲಿಸಲು ಹೊರಟಿದ್ದರು. ಕಲಿತಷ್ಟು ದಿನವೂ ಕಾರು ಮೇಡಂ ತಿರುಗಿಸಿದತ್ತ ಹೋಗುವ ಮೊದಲೇ ಮೇಷ್ಟ್ರು ಒತ್ತಿದಲ್ಲಿ ನಿಂತಿತು. ಪರೀಕ್ಷೆಯ ದಿನ ಮಾತ್ರ ಇನ್‌ಸ್ಪೆಕ್ಟರು ಮೇಷ್ಟ್ರನ್ನು ಕೆಳಗಿಳಿಸಿ ಆ ಸೀಟಿನಲ್ಲಿ ತಾವು ಕೂತರು. ಮೇಡಂ ಮೊದಲ ಸಲಕ್ಕೇ ಪಾಸು! ಇದು ತಮ್ಮ ಬೋಧನೆಯ ಮಹಿಮೆ ಎಂದು ಮೇಷ್ಟ್ರು ಇವತ್ತಿಗೂ ಹೇಳಿಕೊಳ್ಳುತ್ತಾರೆ. ಆಮೇಲೆ ಮೇಷ್ಟ್ರು ಪಕ್ಕದ ಸೀಟಿಗೆ ವಾಪಸಾದರು, ಮೇಡಂ ಸ್ಟೀರಿಂಗ್ ಬಿಟ್ಟರು. ಲೈಸೆನ್ಸನ್ನು ಮಾತ್ರ ಅವಧಿ ಮುಗಿದಾಗಲೆಲ್ಲ ತಪ್ಪದೆ ನವೀಕರಿಸಿಕೊಂಡರು. ಮನಸ್ಸಿನಿಂದ ಬಿಟ್ಟುಬಿಟ್ಟ ಕೆಲಸಕ್ಕೆ ಯಾರೂ ಅಷ್ಟು ಮುತುವರ್ಜಿ ವಹಿಸುವುದಿಲ್ಲ. ಇಷ್ಟು ಸಣ್ಣ ವಿಷಯ ಮೇಷ್ಟ್ರಿಗೆ ಇಷ್ಟು ವರ್ಷವಾದರೂ ಹೊಳೆದಿರಲಿಲ್ಲ.

ಈಚೆಗೆ ಹೆಂಗಸರ ಬ್ಯಾಚಿನಲ್ಲಿ ಗುಸುಗುಸು ಶುರುವಾಗಿತ್ತು. ಆಸ್ಪತ್ರೆಯ ನರ್ಸಮ್ಮ ಒಬ್ಬರು ಬಾಯಿಬಿಟ್ಟೇ ಹೇಳಿದ್ದರು: “ಮೇಡಂ, ಕಾರಿಗೂ ನೀವೇ ಬನ್ನಿ. ಸಾರ್ ಪಕ್ಕದಲ್ಲಿದ್ರೆ ನಾನು ಕಾರು ಓಡಿಸ್ತಿದೀನೋ ಕಾರಲ್ಲಿ ಸುಮ್ನೆ ಕೂತಿದೀನೋ ಅಂತಾನೇ ಗೊತ್ತಾಗಲ್ಲ.” ಇಬ್ಬರು ಆಗಲೇ ಪಕ್ಕದ ಬೀದಿಯ ಸ್ಕೂಲಿಗೆ ಹೊರಟುಹೋಗಿದ್ದರು. ಮೇಡಂ ಗಂಡನನ್ನು ಕೇಳಿದರು: “ಸ್ವಲ್ಪ ದಿನ ನಾನು ಓಡಿಸಿ ಕೈ ಪಳಗಿಸ್ಕೋತೀನಿ. ಆಮೇಲೆ ಕಲಿಸೋ ಪರ್ಮಿಷನ್ನು ತಗೊಂಡು ಹೆಂಗಸರ ಬ್ಯಾಚು ನಾನೇ ನೋಡ್ಕೋತೀನಿ. ಏನಂತೀರಿ?”

“ನೋಡೋಣ,” ಎಂದಿದ್ದರು ಮೇಷ್ಟ್ರು. ಆ ‘ನೋಡೋಣ’ವೂ ಒಂದು ಬ್ರೇಕೇ.

ಮೇಡಂ ತಿರುಗಿ ಕೇಳಲಿಲ್ಲ. ಕೇಳಿದ್ದು ಕಂಪ್ಯೂಟರಿನ ವಿಷಯ. ಲೈಸೆನ್ಸ್ ಪರೀಕ್ಷೆಯ ಪ್ರಶ್ನೆಗಳನ್ನು ಕಲಿಯುವವರು ಆ ಕಂಪ್ಯೂಟರಿನಲ್ಲೇ ಅಭ್ಯಾಸ ಮಾಡಬೇಕಿತ್ತು. ಅದಕ್ಕೋ ವಯಸ್ಸಾಗಿತ್ತು. ಗುಂಡಿ ಒತ್ತಿ ಸ್ನಾನ ಮುಗಿಸಿ ಬಂದರೂ ಅದಿನ್ನೂ ಕಣ್ಣು ಬಿಡುತ್ತಿರಲಿಲ್ಲ. “ಇದನ್ನ ಯಾರಿಗಾದ್ರೂ ತೋರಿಸಿ” ಎಂದು ಮೇಡಂ ಹೇಳಿದ್ದೇ ತಡ, ‘ಯಾರಿಗಾದರೂ’ ಎಂಬ ಮಾತು ಮೇಷ್ಟ್ರ ಮರ್ಯಾದೆಗೆ ತಗುಲಿ ಆ ಭೀಷಣ ಘೋಷಣೆ ಹೊರಬಿದ್ದಿತ್ತು.

ತಿಂಡಿ ಮುಗಿಸಿ ಹೋದಾಗ ಮೂಲೆಯ ಕಂಪ್ಯೂಟರ್ ಅಂಗಡಿಯವನು ಮೇಷ್ಟ್ರಿಗೆ ಅರ್ಥವಾಗುವ ಭಾಷೆಯಲ್ಲೇ ಹೇಳಿದ: “ಲಿನಕ್ಸ್ ಹಾಕಿ ಸಾರ್. ಹಳೇ ಕಾರಿಗೆ ಹೊಸ ಇಂಜಿನ್ ಕೂರಿಸಿದ ಹಾಗೆ. ಪೆನ್‌ಡ್ರೈವ್ ಫೈಲ್ ಇಟ್ಕೊಳ್ಳೋಕೆ ಸರಿ, ಅದರಿಂದ ಸ್ಟಾರ್ಟ್ ಆಗೋಕೆ ನಿಮ್ಮ ಹಳೇ ಮಷೀನಿಗೆ ಬರಲ್ಲ. ಸಿ.ಡಿ.ನೇ ಹಾಕ್ಬೇಕು. ಮೂರಿದೆ. ಒಂದಾದ ಮೇಲೆ ಒಂದು ಅದೇ ಕೇಳುತ್ತೆ, ಕೊಡ್ತಾ ಹೋಗಿ. ಶುರುವಾದ ಮೇಲೆ ಮಾತ್ರ ನಡುವೆ ಆರಿಸ್ಬೇಡಿ.”

“ನನಗೇ ಹೇಳ್ತೀಯೇನಯ್ಯಾ!” ಎಂದು ಮೇಷ್ಟ್ರು ಸಿ.ಡಿ.ಗಳನ್ನು ಜೇಬಿಗಿಳಿಸಿದರು.

ಮನೆಗೆ ಬಂದವರೇ ಮೇಷ್ಟ್ರು ಯುದ್ಧರಂಗಕ್ಕೆ ಇಳಿದರು. ಮೇಡಂ ತಮ್ಮ ಪ್ರಶ್ನೆಗಳನ್ನೆಲ್ಲ ಆಗಲೇ ಪೆನ್‌ಡ್ರೈವಿಗೆ ಇಳಿಸಿಕೊಂಡು, ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ, “ಇನ್ನು ನೀವೇನು ಬೇಕಾದ್ರೂ ಮಾಡ್ಕೊಳ್ಳಿ” ಎಂದು ಅಪ್ಪಣೆ ಕೊಟ್ಟಿದ್ದರು. ಬೀಗ ಹಾಕಿದ ಸದ್ದು ಮೇಷ್ಟ್ರಿಗೆ ಅಷ್ಟು ಹಿಡಿಸಲಿಲ್ಲ.

ಮೊದಲ ಸಿ.ಡಿ. ಒಳಗೆ ಹೋಯಿತು. ಗರ್ರ್ ಎಂದಿತು. ಪರದೆ ಕಪ್ಪಾಯಿತು. ಮರುಕ್ಷಣ ಕಪ್ಪಿನ ಮೇಲೆ ಬಿಳಿ ಅಕ್ಷರಗಳು ಕೆಳಗಿನಿಂದ ಮೇಲಕ್ಕೆ ಓಡತೊಡಗಿದವು. ಒಂದಲ್ಲ, ಎರಡಲ್ಲ, ಸಾಲು ಸಾಲು! ಓದುವಷ್ಟರಲ್ಲಿ ಮಾಯ! ಇಷ್ಟು ವೇಗ! ಇದು ಕೈ ತಪ್ಪಿದ ಗಾಡಿಯ ಲಕ್ಷಣ! ಮೇಷ್ಟ್ರ ಬಲಗಾಲು ಮೇಜಿನ ಕೆಳಗೆ ನೆಲವನ್ನು ಒತ್ತಿತು. ನೆಲ ಏನೂ ಮಾಡಲಿಲ್ಲ. ಆಗ ಬೆರಳು ತಾನಾಗಿ ಪವರ್ ಗುಂಡಿಗೆ ಹೋಗಿ, ಒತ್ತಿ ಹಿಡಿಯಿತು.

ಪರದೆ ತಣ್ಣಗಾಯಿತು. ಮೇಷ್ಟ್ರು ಹಣೆ ಒರೆಸಿಕೊಂಡರು.

“ಏನಾಯ್ತ್ರೀ?” ಒಳಗಿನಿಂದ ಪ್ರಶ್ನೆ ಬಂತು.

“ಏನಿಲ್ಲ. ದೊಡ್ಡದೊಂದು ಅಪಘಾತ ತಪ್ಪಿಸಿದೆ.”

ಎರಡನೇ ಸಲ ಅಕ್ಷರಗಳು ಓಡುವಾಗ ಮೇಷ್ಟ್ರು ಕಣ್ಣು ಮುಚ್ಚಿಕೊಂಡು ಕೂತರು. ಉಪಾಯ ಫಲಿಸಿತು. ಕಣ್ಣು ಬಿಟ್ಟಾಗ ಚೆಂದದ ನೀಲಿ ಪರದೆ, ಒಂದಷ್ಟು ಪ್ರಶ್ನೆ. ಹೌದು, ಹೌದು, ಮುಂದೆ, ಮುಂದೆ ಎಂದು ಒತ್ತುತ್ತ ಹೋದರು. ಹಳೆಯದನ್ನೆಲ್ಲ ಅಳಿಸಲೇ ಎಂದು ಕೇಳಿತು, ಧಾರಾಳವಾಗಿ ಅಳಿಸು ಎಂದರು. ಉದ್ದನೆಯ ಪಟ್ಟಿಯೊಂದು ಕಾಣಿಸಿಕೊಂಡು ಮೆಲ್ಲಗೆ ತುಂಬತೊಡಗಿತು. ಮೇಷ್ಟ್ರು ಮೀಸೆ ತಿರುವಿದರು. ಪಟ್ಟಿ ಮುಕ್ಕಾಲು ಭಾಗಕ್ಕೆ ಬಂತು. ನಿಂತಿತು. ಅಲ್ಲೇ ನಿಂತಿತು. ಒಂದು ಕೂದಲೆಳೆಯಷ್ಟೂ ಅಲುಗಲಿಲ್ಲ!

ಏರಿನಲ್ಲಿ ಗಾಡಿ ಉಸಿರುಗಟ್ಟಿ ನಿಂತರೆ ಏನು ಮಾಡಬೇಕು? ಹಿಂದಕ್ಕೆ ಜಾರುವ ಮುನ್ನ ಬ್ರೇಕು! ಗುಂಡಿ ಒತ್ತಿದ್ದಾಯಿತು.

ಈ ಸಲ ಮತ್ತೆ ಶುರು ಮಾಡಿದಾಗ ಪರದೆಯ ಮೇಲೆ ಒಂದೇ ಒಂದು ಸಾಲು ಮೂಡಿತು. ಮೇಡಂ ಬಂದು ಕನ್ನಡಕ ಏರಿಸಿಕೊಂಡು ಓದಿದರು.

“ರೀ, ಇದರಲ್ಲಿ ಏನೂ ಇಲ್ಲ ಅಂತಿದೆ.”

“ಏನೂ ಇಲ್ಲ ಅಂದ್ರೆ?”

“ಹಳೇದೂ ಇಲ್ಲ, ಹೊಸದೂ ಇಲ್ಲ. ನಿಧಾನಕ್ಕಾದರೂ ಏಳ್ತಿತ್ತು ಪಾಪ, ಈಗ ಎದ್ದೇಳೋದನ್ನೇ ಮರೆತಿದೆ.” ಮೇಡಂ ಗಂಡನ ಮುಖ ನೋಡಿದರು. “ಪಟ್ಟಿ ಎಲ್ಲೀತನಕ ಬಂದಿತ್ತು?”

“ಮುಕ್ಕಾಲು.”

“ಆಮೇಲೆ?”

ಮೇಷ್ಟ್ರು ಕಿಟಕಿಯಾಚೆ ನೋಡುತ್ತ, “ಹೊರಗೆ ಬಿಸಿಲು ಜೋರಾಗಿದೆ ಅಲ್ವಾ” ಎಂದರು.

ಸೋಮವಾರ ಬೆಳಿಗ್ಗೆ ಪಾಠಕ್ಕೆ ಜನ ಬಂದರು, ಕಂಪ್ಯೂಟರ್ ಬರಲಿಲ್ಲ. ಮೇಡಂ ಸ್ವಲ್ಪವೂ ಗಲಿಬಿಲಿಗೊಳ್ಳದೆ ಅಡುಗೆಮನೆಯಿಂದ ಸ್ಟೀಲಿನ ತಟ್ಟೆ, ಪಾತ್ರೆಯ ಮುಚ್ಚಳ, ತ್ರಿಕೋನವಾಗಿ ಮಡಚಿದ ಟವೆಲ್ಲು ತಂದರು. ತಟ್ಟೆ ಎಂದರೆ ಪ್ರವೇಶವಿಲ್ಲ, ಟವೆಲ್ಲು ಎಂದರೆ ಮುಂದೆ ಎಚ್ಚರ. ಕುರ್ಚಿಗಳನ್ನು ಗೋಡೆಗೆ ಸರಿಸಿ ಕೋಣೆಯ ನಡುವನ್ನೇ ನಾಲ್ಕು ರಸ್ತೆ ಕೂಡುವ ಜಾಗ ಮಾಡಿದರು. ಒಬ್ಬರು ಬಸ್ಸು, ಒಬ್ಬರು ಆಂಬುಲೆನ್ಸು, ನರ್ಸಮ್ಮ ಕಾರು. ದೊಡ್ಡವರೆಲ್ಲ ಹಾರ್ನ್ ಮಾಡಿಕೊಂಡು ಕೋಣೆಯ ತುಂಬ ಓಡಾಡಿದರು.

“ನಿಲ್ಲಿ,” ಎಂದರು ಮೇಡಂ. “ಈಗ ಯಾರು ಮೊದಲು ಹೋಗ್ಬೇಕು? ನೀವು ಹೇಳಿ.”

ನರ್ಸಮ್ಮ ಯೋಚಿಸಿದರು. ಬಾಗಿಲಲ್ಲಿ ನಿಂತಿದ್ದ ಮೇಷ್ಟ್ರ ನಾಲಿಗೆಯ ತುದಿಗೆ ಉತ್ತರ ಬಂದು ಕುಣಿಯತೊಡಗಿತು. ತಡೆಯಲಾರದೆ ಬಾಯಿ ತೆರೆದರು. ಮೇಡಂ ಅವರತ್ತ ತಿರುಗಿಯೂ ನೋಡದೆ ಒಂದು ಕೈ ಎತ್ತಿ ತಡೆದರು. ಮೇಷ್ಟ್ರ ಬಾಯಿ ತೆರೆದದ್ದು ಹಾಗೇ ಉಳಿಯಿತು. ನರ್ಸಮ್ಮ ಬಸ್ಸನ್ನು ನೋಡಿದರು, ಆಂಬುಲೆನ್ಸನ್ನು ನೋಡಿದರು, ತಪ್ಪು ಹೇಳಲು ಹೋಗಿ ತಾವೇ ತಡೆದುಕೊಂಡು, ಕೊನೆಗೆ ಸರಿಯಾದದ್ದನ್ನೇ ಹೇಳಿದರು. ಹೇಳಿ ನಕ್ಕರು. ಆ ಮುಖ ನೋಡಿ ಮೇಷ್ಟ್ರಿಗೆ ಒಂದು ಯೋಚನೆ ಬಂತು: ತಮ್ಮ ಕಾರಿನಿಂದ ಇಳಿಯುವ ಯಾರ ಮುಖವೂ ಹೀಗಿರುವುದಿಲ್ಲ. ಅಲ್ಲಿ ಎಲ್ಲರೂ ಬೆವರು ಒರೆಸಿಕೊಂಡು ಇಳಿಯುತ್ತಾರೆ. ಅವರಿಗೆ ಸ್ವಲ್ಪ ಬೇಜಾರಾಯಿತು. ಬೇಜಾರಾದಾಗ ಅವರು ಸಾಮಾನ್ಯವಾಗಿ ಮಾಡುವ ಹಾಗೆ, ಇನ್ನೊಂದು ದಂಡಯಾತ್ರೆಗೆ ಹೊರಟರು.

ಮಧ್ಯಾಹ್ನ ನೋಡುತ್ತಾರೆ, ಪವರ್ ಗುಂಡಿಯ ಮೇಲೆ ಸೋಡಾ ಬಾಟಲಿಯ ಮುಚ್ಚಳ ಕವುಚಿ, ಸುತ್ತ ಟೇಪು ಅಂಟಿಸಿದೆ!

“ಇದೇನಿದು?”

“ಹೆಲ್ಮೆಟ್ಟು,” ಎಂದರು ಮೇಡಂ. “ಅದಕ್ಕೂ ಜೀವ ಇದೆಯಲ್ಲ.”

“ಮತ್ತೆ ಶುರು ಮಾಡೋದು ಹೇಗೆ?”

“ಈಗಲೇ ಶುರು ಮಾಡಿಟ್ಟಿದೀನಿ. ಸಿ.ಡಿ.ನೂ ಹಾಕಿದೀನಿ. ಹೌದು ಹೌದು ಅಂತ ಒತ್ಕೊಂಡು ಕೂತ್ಕೊಳ್ಳಿ. ನಾನು ಬಟ್ಟೆ ಒಣಗಿಸಿ ಬರ್ತೀನಿ.”

ಮೇಷ್ಟ್ರು ಟೀ ಲೋಟ ತಂದು ಕಂಪ್ಯೂಟರಿನ ಪೆಟ್ಟಿಗೆಯ ಎದುರಿಗಿಟ್ಟುಕೊಂಡು ಕೂತರು. ಗುಂಡಿ ಕಾಣದಿದ್ದರೆ ಮನುಷ್ಯ ಎಷ್ಟು ಶಾಂತನಾಗಿರಬಲ್ಲ! ಪಟ್ಟಿ ಮುಕ್ಕಾಲಿಗೆ ಬಂದು ನಿಂತಾಗಲೂ ಅವರು ಛಾವಣಿ ನೋಡುತ್ತ ಕಾಲು ಕುಣಿಸಿ ಆ ಹೊತ್ತು ದಾಟಿಸಿದರು. ಪಟ್ಟಿ ಮತ್ತೆ ಹೊರಟಿತು, ತುಂಬಿತು. ‘ಭೇಷ್!’ ಎಂದು ತಮಗೆ ತಾವೇ ಹೇಳಿಕೊಂಡು ಲೋಟಕ್ಕೆ ಕೈ ಚಾಚಿದರು.

ಅಷ್ಟರಲ್ಲಿ, ಯಾರೂ ಮುಟ್ಟದೆ, ಯಾರೂ ಕೇಳದೆ, ಸಿ.ಡಿ.ಯ ತಟ್ಟೆ ಫಟ್ಟನೆ ಹೊರಕ್ಕೆ ಬಂತು!

ಅದು ಎರಡನೇ ಸಿ.ಡಿ. ಕೇಳಲು ಬಂದದ್ದು. ಮೇಷ್ಟ್ರಿಗೆ ಕಂಡದ್ದು ಮಾತ್ರ, ಓಡುವ ಗಾಡಿಯ ಬಾಗಿಲು ತಾನಾಗಿ ತೆರೆದುಕೊಂಡದ್ದು! ತಟ್ಟೆ ಲೋಟಕ್ಕೆ ಬಡಿಯಿತು. ಲೋಟ ಮೇಷ್ಟ್ರ ತೊಡೆಯ ಮೇಲೆ ಮಗುಚಿತು. ಕೀಬೋರ್ಡು ಪಾರಾಯಿತು, ಪ್ಯಾಂಟು ಪಾರಾಗಲಿಲ್ಲ. “ಅಯ್ಯಯ್ಯೋ!” ಎಂದು ಗುಂಡಿಗೆ ಕೈ ಹಾಕಿದರೆ ಹೆಲ್ಮೆಟ್ಟು! ಟೇಪು ಕೀಳಲು ಉಗುರಿಲ್ಲ! ಮೇಷ್ಟ್ರು ಎದ್ದು ಓಡಿದರು. ಮೆಟ್ಟಿಲ ಕೆಳಗಿನ ಮೀಟರ್ ಪೆಟ್ಟಿಗೆಯವರೆಗೆ ಓಡಿ, ಇಡೀ ಕಟ್ಟಡದ ಮೇನ್ ಸ್ವಿಚ್ಚನ್ನು ಎರಡೂ ಕೈಯಿಂದ ಕೆಳಕ್ಕೆಳೆದರು.

ಕಟ್ಟಡ ಸ್ತಬ್ಧವಾಯಿತು. ಫ್ಯಾನು, ಫ್ರಿಜ್ಜು, ನೀರಿನ ಪಂಪು ಎಲ್ಲ ಒಮ್ಮೆಗೇ ಉಸಿರು ಬಿಟ್ಟವು. ಸ್ವಲ್ಪ ಹೊತ್ತಿಗೆ ಮೆಟ್ಟಿಲ ಮೇಲೆ ಹೆಜ್ಜೆಯ ಸದ್ದಾಯಿತು. ಮಹಡಿ ಮನೆಯ ಯಜಮಾನರು ಸೊಂಟಕ್ಕೆ ಟವೆಲ್ಲು ಸುತ್ತಿಕೊಂಡು, ತಲೆಯ ತುಂಬ ನೊರೆ ಹೊತ್ತು, ಒಂದೇ ಕಣ್ಣು ಬಿಟ್ಟುಕೊಂಡು ತಡವರಿಸುತ್ತ ಇಳಿದು ಬಂದರು.

“ಯಾರ್ರೀ ಅದು, ನೀರು ನಿಲ್ಸಿದ್ದು?”

“ನೀರಲ್ಲ ಸಾರ್, ಕರೆಂಟು,” ಎಂದರು ಮೇಷ್ಟ್ರು, ಸ್ವಿಚ್ಚನ್ನು ಇನ್ನೂ ಬಿಡದೆ.

“ಯಾಕೆ? ಬೆಂಕಿ ಬಿತ್ತಾ?”

“ಇಲ್ಲ ಸಾರ್. ತಟ್ಟೆ ಹೊರಗೆ ಬಂತು.”

ಯಜಮಾನರು ಆ ಒಂದು ಕಣ್ಣಿನಿಂದಲೇ ಮೇಷ್ಟ್ರ ಒದ್ದೆ ಪ್ಯಾಂಟನ್ನು ದೀರ್ಘವಾಗಿ ನೋಡಿದರು. ಬಳಿಕ ಅವರ ಕೈ ಹಿಡಿದು ಸ್ವಿಚ್ಚಿನಿಂದ ಬಿಡಿಸಿ, ತಾವೇ ಅದನ್ನು ಮೇಲಕ್ಕೆತ್ತಿ ಹಿಂದಿರುಗಿದರು. ಬಕೆಟ್ಟಿನೊಂದಿಗೆ ಬಾಗಿಲಲ್ಲಿ ನಿಂತಿದ್ದ ಮೇಡಂ ಮಾತ್ರ ನಗು ತಡೆಯಲಾರದೆ ಗೋಡೆಗೆ ಮುಖ ಮಾಡಿಕೊಂಡಿದ್ದರು.

ಮರುದಿನ ಬೆಳಿಗ್ಗೆ ಮೇಡಂ ಒಂದು ಕುರ್ಚಿ ತಂದು ಮೇಜಿನಿಂದ ಮಾರು ದೂರ ಹಾಕಿದರು.

“ಇವತ್ತು ನೀವೊಂದು ಕೆಲಸ ಮಾಡ್ಬೇಕು.”

“ಹೇಳು. ಏನು ಬೇಕಾದ್ರೂ ಮಾಡ್ತೀನಿ.”

“ಏನೂ ಮಾಡ್ಬಾರದು.”

ಮೇಷ್ಟ್ರು ಕೈಗಳನ್ನು ತೊಡೆಯಡಿ ಸಿಕ್ಕಿಸಿಕೊಂಡು ಕೂತರು. ಮೇಡಂ ಮೊದಲ ಸಿ.ಡಿ. ಹಾಕಿ, ತರಕಾರಿಯ ತಟ್ಟೆ ಹಿಡಿದು, ಪರದೆಯ ಮುಂದೆ ಬೀನ್ಸ್ ಮುರಿಯುತ್ತ ಕೂತರು. ಅಕ್ಷರಗಳು ಓಡಿದವು. ಮೇಷ್ಟ್ರ ಕಾಲು ನೆಲ ಒತ್ತಿತು. ಪಟ್ಟಿ ಬಂತು, ತುಂಬಿತು, ಆ ಹಾಳು ಮುಕ್ಕಾಲಿಗೆ ಬಂದು ನಿಂತಿತು.

“ನಿಂತುಹೋಯ್ತು ಕಣೇ.”

“ಹೂಂ.”

“ಏನಾದ್ರೂ ಮಾಡು.”

“ಮಾಡ್ತಿದೀನಲ್ಲ, ಬೀನ್ಸ್ ಮುರೀತಿದೀನಿ.”

“ಅದಕ್ಕೇನೋ ಆಗಿದೆ!”

“ಏನೂ ಆಗಿಲ್ಲ. ಒಳಗೆ ಅದರ ಕೆಲಸ ಅದು ಮಾಡ್ತಿದೆ. ನಮಗೆ ಕಾಣಲ್ಲ ಅಷ್ಟೆ.” ಮೇಡಂ ಒಂದು ಬೀನ್ಸಿನ ನಾರು ಎಳೆದರು. “ನಾನೂ ಹಾಗೇ ನಿಲ್ತಿದ್ದೆ. ರಿವರ್ಸ್ ತೆಗೆಯೋವಾಗ. ಕನ್ನಡಿ ನೋಡಿ, ಎಷ್ಟು ತಿರುಗಿಸ್ಬೇಕು ಅಂತ ಮನಸ್ಸಲ್ಲೇ ಲೆಕ್ಕ ಹಾಕ್ತಿದ್ದೆ. ಲೆಕ್ಕ ಇನ್ನೇನು ಸಿಕ್ತು ಅನ್ನೋವಾಗ ನೀವು ಬ್ರೇಕ್ ಒತ್ತೋರು. ನನಗೆ ಬರಲ್ಲ ಅಂತ ಅಲ್ಲ ರೀ. ಬರುತ್ತೋ ಇಲ್ವೋ ಅಂತ ನೋಡೋಕೇ ನೀವು ಬಿಡಲಿಲ್ಲ.”

ಇದರಲ್ಲಿ ಸಿಟ್ಟಿರಲಿಲ್ಲ. ಮೇಷ್ಟ್ರು ಪಟ್ಟಿಯನ್ನೇ ನೋಡಿದರು. ತಾನು ಇವಳನ್ನು ಕಾಪಾಡುತ್ತಿದ್ದೇನೆ ಅಂದುಕೊಂಡು ಕಳೆದ ವರ್ಷಗಳು ಒಂದರ ಹಿಂದೊಂದು ನೆನಪಾದವು. ಯಾವುದರಿಂದ ಕಾಪಾಡಿದ್ದು ಎಂದು ಮಾತ್ರ ನೆನಪಾಗಲಿಲ್ಲ.

ಪಟ್ಟಿ ಅಲುಗಿತು. ತುಂಬಿತು. ತಟ್ಟೆ ಫಟ್ಟನೆ ಹೊರಬಂತು. ಮೇಷ್ಟ್ರು ಕುರ್ಚಿಯಲ್ಲೇ ನೆಗೆದರೂ ಎದ್ದೇಳಲಿಲ್ಲ. ಮೇಡಂ ಎರಡನೆಯದನ್ನು ಕೊಟ್ಟರು. ಆಮೇಲೆ ಮೂರನೆಯದನ್ನು. ಬೀನ್ಸ್ ಮುಗಿಯುವ ಹೊತ್ತಿಗೆ ಕಂಪ್ಯೂಟರ್ ತಾನೇ ಆರಿ, ತಾನೇ ಎದ್ದು, ಲಕಲಕ ಎನ್ನುವ ಹೊಸ ಪರದೆ ತೋರಿಸಿತು. ಬಾಣ ಮೌಸಿನ ಜೊತೆಜೊತೆಗೇ ಓಡಿತು.

“ಆಯ್ತು! ಸರಿಹೋಯ್ತು!” ಮೇಷ್ಟ್ರು ಎದ್ದು ನಿಂತರು. ಹಳೆಯ ಜಂಬ ಒಂದೇ ನೆಗೆತಕ್ಕೆ ಮರಳಿ ಬಂತು. “ಹಾಗಾದ್ರೆ ಕೀ...”

“ಕೀ ನಿಮ್ಮದೇ,” ಎಂದರು ಮೇಡಂ. “ನೀವು ಮುಟ್ಟದೇ ಕೂತಿದ್ದಕ್ಕೆ ತಾನೇ ಆಗಿದ್ದು? ಹಾಗಾಗಿ ನೀವೇ ಸರಿ ಮಾಡಿದ ಹಾಗೆ. ಪಂದ್ಯ ನೀವೇ ಗೆದ್ರಿ.” ತಟ್ಟೆ ಎತ್ತಿಕೊಂಡು ಒಳಗೆ ಹೋದರು.

ಗೆದ್ದ ಮೇಷ್ಟ್ರು ಕೋಣೆಯ ನಡುವೆ ಒಬ್ಬರೇ ನಿಂತರು. ಹೆಂಡತಿ ಜಗಳವಾಡಿದ್ದರೆ ಚೆನ್ನಾಗಿತ್ತು, ನಾಲ್ಕು ಮಾತು ಅಂದಿದ್ದರೆ ಇನ್ನೂ ಚೆನ್ನಾಗಿತ್ತು. ಅವಳು ಇಷ್ಟು ಸಲೀಸಾಗಿ ಬಿಟ್ಟುಕೊಟ್ಟುಬಿಟ್ಟಳು. ಬಿಟ್ಟುಕೊಡುವುದು ಅವಳಿಗೆ ಎಷ್ಟು ಅಭ್ಯಾಸವಾಗಿಬಿಟ್ಟಿದೆ! ಮೊಳೆಯಿಂದ ಕೀ ತೆಗೆದುಕೊಂಡು ಅಡುಗೆಮನೆಯ ಬಾಗಿಲಿಗೆ ಹೋದರು.

“ಲೇ ಇವಳೇ, ಸೋಪು ತರ್ಬೇಕು ಅಂತಿದ್ದೆಯಲ್ಲ?”

“ನಾಳೆ ತಂದ್ರಾಯ್ತು.”

“ಈಗಲೇ ಹೋಗೋಣ.” ಕೀ ಮುಂದೆ ಚಾಚಿದರು. “ನನಗ್ಯಾಕೋ ಓಡಿಸೋಕೆ ಮನಸ್ಸಿಲ್ಲ. ನೀನು ಓಡ್ಸು.”

ಮೇಡಂ ಕೀ ನೋಡಿದರು. ಆಮೇಲೆ ಗಂಡನ ಕಾಲು ನೋಡಿದರು.

“ಅದನ್ನೇನ್ ಮಾಡ್ತೀರಿ?”

“ಯಾವುದನ್ನ?”

“ಬಲಗಾಲನ್ನ.”

ಬೀದಿಯವರು ಅವತ್ತು ಕಂಡದ್ದು ಇಷ್ಟು: ಡ್ರೈವಿಂಗ್ ಸ್ಕೂಲಿನ ಬಿಳಿ ಕಾರು, ಸ್ಟೀರಿಂಗಿನಲ್ಲಿ ಮೇಡಂ, ಪಕ್ಕದ ಸೀಟಿನ ಮೇಲೆ ಬೆಲ್ಟು ಬಿಗಿದುಕೊಂಡು, ಚಪ್ಪಲಿ ಬಿಚ್ಚಿಟ್ಟು, ಎರಡೂ ಕಾಲು ಮೇಲೆಳೆದು ಚಕ್ಕಳಮಕ್ಕಳ ಹಾಕಿ ಕೂತ ಬ್ರೇಕ್ ಮೇಷ್ಟ್ರು! ಕಾರು ಮೊದಲು ಎರಡು ಸಲ ಕುಪ್ಪಳಿಸಿತು. ಮೇಷ್ಟ್ರು ಕಣ್ಣು ಮುಚ್ಚಿದರು. ಮೂರನೆಯ ಸಲಕ್ಕೆ ಹೊರಟಿತು. ಅಂಗಡಿಯ ಹತ್ತಿರ ಸಂದಿಯಿಂದ ಸೈಕಲ್ಲೊಂದು ಧುತ್ತೆಂದು ನುಗ್ಗಿತು. ಮೇಷ್ಟ್ರ ಮಡಚಿದ ಕಾಲು ಮಡಿಕೆಯಲ್ಲೇ ಒದ್ದಾಡಿತು. ಕಾರು ಮೆತ್ತಗೆ, ಒಂದಿಷ್ಟೂ ಕುಲುಕದೆ ನಿಂತಿತು. ಸೈಕಲ್ಲು ದಾಟಿಹೋಯಿತು. ಇಷ್ಟು ಚೆಂದವಾಗಿ ಬ್ರೇಕು ಒತ್ತುವುದು ತಮಗೇ ಬರುವುದಿಲ್ಲ ಎಂದು ಮೇಷ್ಟ್ರಿಗೆ ಅನ್ನಿಸಿತು. ಸಂಕಟವಾಯಿತು, ಸಂತೋಷವೂ ಆಯಿತು.

ಪಕ್ಕದ ಬಸ್ ಸ್ಟಾಪಿನಲ್ಲಿದ್ದ ನರ್ಸಮ್ಮ, ನಿಂತ ಕಾರು ನೋಡಿ ಬೆರಗಾಗಿ ಓಡಿ ಬಂದು ಕಿಟಕಿಗೆ ಬಗ್ಗಿದರು. ಮೇಡಂ ಕಡೆ ನೋಡಿ ನಕ್ಕರು. ಆಮೇಲೆ ಮೇಷ್ಟ್ರ ಭಂಗಿ ಕಣ್ಣಿಗೆ ಬಿದ್ದು, ಮುಖದ ನಗು ಹೋಗಿ ಆಸ್ಪತ್ರೆಯ ಗಾಬರಿ ಬಂತು.

“ಸಾರ್‌ಗೆ ಏನಾಯ್ತು ಮೇಡಂ? ಯಾಕೆ ಹೀಗೆ ಕೂತಿದಾರೆ?”

ಮೇಡಂ ಕನ್ನಡಿ ನೋಡಿ, ಇಂಡಿಕೇಟರ್ ಹಾಕಿ, ಗೇರು ಬದಲಿಸುತ್ತ ಹೇಳಿದರು:

“ಗಾಬರಿ ಆಗ್ಬೇಡಿ. ಸಾರ್‌ಗೆ ಇವತ್ತು ಮೊದಲನೇ ಕ್ಲಾಸು.”